ಸೋಮವಾರ ಬಿತ್ತಿದ ಹೊಲ

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಆ ದಿನ ಅವುಗಳ ಮೈ ತೊಳೆದು, ಕೊಂಬಿಗೆ ಎಣ್ಣೆ ಸವರಿ, ಹೊಟ್ಟೆ ತುಂಬ ಮೇವು ಹಾಕಿ ಕಟ್ಟುತ್ತಾರೆ. ಗಾಡಿ ಹೂಡುವುದಿಲ್ಲ, ಗಳೆ ಹೂಡುವುದಿಲ್ಲ. ಎತ್ತು ಎಂದರೆ ಬಸವಣ್ಣ, ಅವನಿಗೂ ವಾರದಲ್ಲಿ ಒಂದು ದಿನ ಬೇಡವೇ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಮೊಮ್ಮಕ್ಕಳಾದ ನಿಮಗೆ ಇದು ಹೊಸದಲ್ಲ. ಆದರೆ ಭಾನುವಾರವೂ ಎತ್ತು ಹೂಡದ ಒಬ್ಬ ಮನುಷ್ಯ ನಮ್ಮೂರಿಗೆ ಬಂದು ಹೊಲ ಮಾಡಿದ್ದು ನಿಮಗೆ ಗೊತ್ತಿಲ್ಲ. ನಾನು ಅಕ್ಷರ ಕಲಿತದ್ದು ಅವರಿಂದ. ಎದುರಿಗೆ ಕೂತು ಹೇಳು ಅಂದರೆ ನನಗೆ ಬಾಯಿ ಬರುವುದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ನನ್ನ ತವರೂರು ಸಿರುಗುಪ್ಪಕ್ಕೂ ಕುರುಗೋಡಿಗೂ ನಡುವೆ, ಎರೆ ಹೊಲಗಳ ಮಧ್ಯ ಇತ್ತು. ಸಿರುಗುಪ್ಪದ ಕಡೆ ಹೊಳೆಯ ಕಾಲುವೆ ಇದೆ, ಅವರು ಭತ್ತ ಉಣ್ಣುವವರು. ನಮ್ಮದು ಮಳೆ ನಂಬಿದ ಕಪ್ಪು ನೆಲ, ನಾವು ಜೋಳ ಉಣ್ಣುವವರು. ದೊಡ್ಡ ಬರ ಮುಗಿದು ಕೆಲವು ವರ್ಷಗಳಾಗಿದ್ದವು. ನಾನು ಹುಟ್ಟಿದ್ದು ಆ ಬರದ ವರ್ಷದಲ್ಲೇ ಎಂದು ಅವ್ವ ಹೇಳುತ್ತಿದ್ದಳು. ಬರದಲ್ಲಿ ಊರು ಬಿಟ್ಟುಹೋದ ಒಂದು ಮನೆಯವರ ಹೊಲ ಬೀಳು ಬಿದ್ದಿತ್ತು. ಅದನ್ನು ಬಳ್ಳಾರಿಯ ಪಾದ್ರಿಗಳು ಕೊಂಡು, ತಮ್ಮವರೊಬ್ಬರನ್ನು ಹೆಂಡತಿಯ ಸಮೇತ ಅಲ್ಲಿಗೆ ಕಳಿಸಿದರು. ಬಂದವರು ಜರ್ಮನಿ ದೇಶದವರು. ಈಗ ನೀವು ಅಡಿಗೆಮನೆಯಲ್ಲಿ ಜರ್ಮನ್ ಪಾತ್ರೆ ಅನ್ನುತ್ತೀರಲ್ಲ, ಆ ಹೆಸರಿನ ದೇಶ. ಆಗ ನಮ್ಮೂರವರಿಗೆ ಬಿಳಿ ಮೈಯವರೆಲ್ಲ ಒಂದೇ ಸೀಮೆಯವರು.

ನಮ್ಮ ಅಜ್ಜಿ ಮೊದಲ ದಿನವೇ ಅವರನ್ನು ಕೇಳಿದಳು. ಅವಳಿಗೆ ಯಾರನ್ನೂ ನೀವು ಅನ್ನುವ ಅಭ್ಯಾಸವಿರಲಿಲ್ಲ.

“ನೀ ಇಂಗ್ಲೀಷರ ಪೈಕಿಯೇನಪ್ಪಾ?”

“ಅಲ್ಲ ಅಜ್ಜೀ. ನಮ್ಮ ದೇಶ ಬೇರೆ, ಮಾತೂ ಬೇರೆ.”

“ಮತ್ತ ಮಾರಿ ಒಂದ ಐತಿ? ದಾಯಾದಿಗಳಾ?”

ಪಾದ್ರಿ ಸ್ವಲ್ಪ ಯೋಚಿಸಿ, “ದೂರದ ದಾಯಾದಿಗಳು” ಎಂದರು. ಅಜ್ಜಿಗೆ ಸಮಾಧಾನವಾಯಿತು. ದೂರದ ದಾಯಾದಿಗಳೆಂದರೆ ಮದುವೆಗೆ ಕರೆಯುತ್ತಾರೆ, ಹೊಲದ ಬದುವಿನಲ್ಲಿ ಜಗಳವಾಡುವುದಿಲ್ಲ.

ಅವರು ಮೊದಲು ಪಡುವಣ ಕರಾವಳಿಯಲ್ಲಿದ್ದು ಅಲ್ಲಿ ನಮ್ಮ ಭಾಷೆ ಕಲಿತಿದ್ದರು. ಅರ್ಧ ಪುಸ್ತಕದ ಮಾತು, ಅರ್ಧ ಕರಾವಳಿಯ ಮಾತು. “ಅಲ್ಲಿ ಹಾವು ಉಂಟೋ?” ಎಂದು ಕೇಳಿದರೆ ಮಕ್ಕಳೆಲ್ಲ ನಗುತ್ತಿದ್ದೆವು. ತಮಾಷೆ, ಕುಚೇಷ್ಟೆ ಅವರಿಗೆ ತಿಳಿಯುತ್ತಿರಲಿಲ್ಲ. ಯಾರು ಏನು ಅಂದರೂ ಅದು ನಿಜವಾದ ಮಾತೇ ಎಂದು ತಿಳಿದು, ನಿಂತು, ಯೋಚಿಸಿ ಉತ್ತರ ಕೊಡುತ್ತಿದ್ದರು. ಎತ್ತರದ ಆಳು, ಕೆಂಚು ಗಡ್ಡ, ಬಿಸಿಲಿಗೆ ಮೂಗು ಸದಾ ಸುಲಿದಿರುತ್ತಿತ್ತು. ಅವರ ಅಪ್ಪನೂ ಒಕ್ಕಲಿಗನಂತೆ. ಅವರೂರಲ್ಲಿ ಚಳಿಗಾಲಕ್ಕೆ ನೆಲ ಬೆಳ್ಳಗಾಗಿ ಕಲ್ಲಿನಂತೆ ಗಟ್ಟಿಯಾಗುತ್ತದಂತೆ. ದನಗಳನ್ನು ತಿಂಗಳುಗಟ್ಟಲೆ ಹೊರಗೆ ಬಿಡುವುದಿಲ್ಲವಂತೆ.

ಅವರು ಸಿರುಗುಪ್ಪದ ಸಂತೆಗೆ ಹೋಗಿ ಹುಣಸೆಮರದ ಕೆಳಗೆ ನಿಂತು ತಮ್ಮ ದೇವರ ಮಾತು ಹೇಳುತ್ತಿದ್ದರು. ಜನ ಶಾಂತವಾಗಿ ಕೇಳುತ್ತಿದ್ದರು. ಮುಗಿದ ಮೇಲೆ ಕೇಳುವ ಪ್ರಶ್ನೆಗಳು ಮಾತ್ರ ಬೇರೆ. “ಅಷ್ಟು ತಿಂಗಳ ಮೇವು ಎಲ್ಲಿ ಒಟ್ಟತೀರಿ? ಇಲಿ ಹತ್ತಂಗಿಲ್ಲೇನ್ರಿ?” ಎಂದು ನಮ್ಮಪ್ಪ ಕೇಳಿದ್ದನಂತೆ. ಪಾದ್ರಿ ಸಂತೆಯ ಧೂಳಿನಲ್ಲಿ ಕಡ್ಡಿಯಿಂದ ಅಟ್ಟದ ಚಿತ್ರ ಬರೆದು ತೋರಿಸಿದರಂತೆ. ಅಂದಿನಿಂದ ಅವರಿಬ್ಬರಿಗೂ ಸ್ನೇಹ. ನಮ್ಮ ಹೊಲ ಅವರ ಹೊಲ ಬದುವಿಗೆ ಬದು ಹತ್ತಿದ್ದವು.

ಮೊದಲ ವರ್ಷ ಅವರು ಯಾರ ಮಾತನ್ನೂ ಕೇಳಲಿಲ್ಲ. ಬಳ್ಳಾರಿಗೆ ರೈಲಿನಲ್ಲಿ ಬಂದ ಕಬ್ಬಿಣದ ನೇಗಿಲೊಂದನ್ನು ಗಾಡಿಯಲ್ಲಿ ತರಿಸಿ, ಮುಂಗಾರಿನಲ್ಲೇ ಎರೆ ನೆಲವನ್ನು ಮೊಳದಾಳ ಅಗೆದುಬಿಟ್ಟರು. ಎರೆ ಹೊಲವನ್ನು ಹಾಗೆ ವರ್ಷವರ್ಷ ಮಗುಚುವುದಿಲ್ಲ. ಕುಂಟೆ ಹೊಡೆದು ಮೇಲಿನ ಕಳೆ ಸವರುತ್ತಾ, ಹಿಂಗಾರಿ ಮಳೆಗೆ ಕಾಯಬೇಕು. ಅವರ ಹೊಲದಲ್ಲಿ ಎತ್ತಿನ ತಲೆಯಷ್ಟು ದಪ್ಪ ಹೆಂಟೆಗಳು ಎದ್ದು, ಬಿಸಿಲಿಗೆ ಒಣಗಿ ಕಲ್ಲಾದವು. ಸಾಲದ್ದಕ್ಕೆ ಒಂದು ಸೋಮವಾರ ಎತ್ತು ಹೂಡಿದರು. ಆ ದಿನವೇ ಎಡದ ಎತ್ತು ಸಾಲಿನಲ್ಲಿ ಮೊಣಕಾಲೂರಿ ಮಲಗಿತು. ಭಾರಕ್ಕೆ ಮಲಗಿತೋ ಬಿಸಿಲಿಗೆ ಮಲಗಿತೋ, ಊರವರು ಮಾತ್ರ ಬಸವಣ್ಣ ಮುನಿದ ಎಂದರು. ಆ ಸುಗ್ಗಿಯಲ್ಲಿ ಅವರ ಹೊಲಕ್ಕೆ ಒಂದು ಆಳೂ ಹೋಗಲಿಲ್ಲ.

ಎರಡನೆಯ ವರ್ಷ ಪಾದ್ರಿ ಊರ ಗೌಡರ ಮನೆಗೆ ತಾವಾಗಿ ಹೋಗಿ ಕೇಳಿದರು, “ಸೋಮವಾರದ ವಿಷಯ ನನಗೆ ತಿಳಿಸಿ ಹೇಳಿ.” ಗೌಡರು ಹೇಳಿದರು. ಕೇಳಿ ಪಾದ್ರಿಯ ಮುಖ ಅರಳಿತಂತೆ. ಅವರ ಧರ್ಮದಲ್ಲೂ ವಾರಕ್ಕೊಂದು ದಿನ ಎತ್ತಿಗೂ ಆಳಿಗೂ ಬಿಡುವು ಕೊಡಬೇಕಂತೆ. ಆದರೆ ಅದು ಭಾನುವಾರ.

“ಮತ್ತೇನು, ಇಬ್ರದೂ ಒಂದ ಮಾತಾತಲ್ಲ” ಎಂದರು ಗೌಡರು. “ಒಂದು ದಿನದ ಹಿಂದುಮುಂದು ಅಷ್ಟ.”

ಪಾದ್ರಿ ಅಲ್ಲೇ ಮಾತು ಕೊಟ್ಟರು. ಈ ಊರಿನಲ್ಲಿ ಇರುವವರೆಗೂ ಸೋಮವಾರ ತಮ್ಮ ಎತ್ತಿನ ಮೇಲೆ ನೊಗ ಇಡುವುದಿಲ್ಲ. ಭಾನುವಾರ ಹೇಗೂ ಇಡುವುದಿಲ್ಲ. ಊರಿಗೆಲ್ಲ ಇದೊಂದು ನಗೆಯಾಯಿತು. “ಮುಂದಿನ ಜನ್ಮ ಅಂತಿದ್ರ ಪಾದ್ರಿ ಮನಿ ಎತ್ತಾಗಿ ಹುಟ್ಟಬೇಕಲೇ, ವಾರಕ್ಕ ಎರಡು ದಿನ ರಜಾ” ಎಂದು ಗಂಡಸರು ಕಟ್ಟೆಯ ಮೇಲೆ ಅನ್ನುತ್ತಿದ್ದರು.

ಆ ವರ್ಷವೂ ಅವರು ಅವಸರಪಟ್ಟು ಮೊದಲ ಮಳೆಗೇ ಜೋಳ ಬಿತ್ತಿದರು. ಬಂದದ್ದು ಕಳೆ, ಉಳಿದದ್ದು ಕಾಳಿಲ್ಲದ ಸೊಪ್ಪೆ.

ಅಷ್ಟರಲ್ಲಿ ಅವರ ಮನೆಯ ಪಡಸಾಲೆಯಲ್ಲಿ ಸಾಲೆ ಶುರುವಾಗಿತ್ತು. ಊರಲ್ಲಿ ಐಗಳು ಓದು ಕಲಿಸುವ ಮಠ ಇತ್ತು, ಆದರೆ ಅಲ್ಲಿ ಗಂಡುಮಕ್ಕಳಿಗೆ ಮಾತ್ರ. ಪಾದ್ರಿಯ ಪಡಸಾಲೆಯಲ್ಲಿ ಎಂಟೋ ಹತ್ತೋ ಹುಡುಗರು, ಮೂವರು ಹುಡುಗಿಯರು. ಅಪ್ಪನಿಗೆ ಸ್ನೇಹವಿತ್ತು, ಆದ್ದರಿಂದ ನನ್ನನ್ನು ಹೋಗಲು ಬಿಟ್ಟರು. ಅಜ್ಜಿ ಎರಡು ಷರತ್ತು ಹಾಕಿದಳು. ಅಲ್ಲಿ ನೀರು ಕುಡಿಯಬಾರದು. ಅವರು ಹೇಳಿದ ಕಥೆಯನ್ನು ಮನೆಗೆ ಬಂದು ಒಂದೂ ಬಿಡದೆ ತನಗೆ ಹೇಳಬೇಕು. ಎರಡನೆಯದು ಕಾವಲಿಗೆ ಹಾಕಿದ ಷರತ್ತೋ, ಕಥೆಯ ಆಸೆಗೆ ಹಾಕಿದ್ದೋ, ನನಗೆ ಇವತ್ತಿಗೂ ಸಂಶಯ. ಕಳೆದುಹೋದ ಒಂದೇ ಒಂದು ಕುರಿಯನ್ನು ಹುಡುಕಿಕೊಂಡು ಹೋದ ಕುರುಬನ ಕಥೆ ಹೇಳಿದಾಗ ಅವಳು ಬೀಸುವುದನ್ನು ನಿಲ್ಲಿಸಿ ಕೇಳಿದಳು.

“ಉಳಿದ ಕುರಿ ಯಾರ ತಾಬೇಕ ಬಿಟ್ಟು ಹೋದ ಅಂವ?”

ನನಗೆ ಗೊತ್ತಿರಲಿಲ್ಲ. ಮರುದಿನ ಕಂಬದ ಹಿಂದೆ ನಿಂತು, ನಾಲ್ಕು ಸಲ ಬಾಯಿ ತೆರೆದು ಮುಚ್ಚಿ, ಕೊನೆಗೆ ಪಾದ್ರಿಯನ್ನು ಕೇಳಿದೆ. ನಾನು ಅವರೊಂದಿಗೆ ಆಡಿದ ಮೊದಲ ಮಾತು ಅದು. ಅವರು ಗಡ್ಡ ನೀವಿಕೊಂಡು, “ನಿನ್ನ ಅಜ್ಜಿಗೆ ಹೇಳು, ಇದನ್ನು ನಾನೂ ಯೋಚಿಸಿರಲಿಲ್ಲ” ಎಂದರು.

ಮಣೆಯ ಮೇಲೆ ಮರಳು ಹರವಿ ಬೆರಳಿನಿಂದ ಬರೆಯುತ್ತಿದ್ದೆವು. ಅ ಆ ಮುಗಿದಿತ್ತು, ಕಾಗುಣಿತ ಮುಗಿದಿತ್ತು. ಒತ್ತಕ್ಷರ ಇನ್ನೂ ಶುರುವಾಗಿರಲಿಲ್ಲ. ಅವರ ಪುಸ್ತಕ ತೆರೆದರೆ ನಾಲ್ಕು ಅಕ್ಷರ ಓದಿದೆ ಅನ್ನುವಷ್ಟರಲ್ಲಿ ಐದನೆಯದರ ಕೆಳಗೆ ಇನ್ನೊಂದು ಅಕ್ಷರ ಜೋತುಬಿದ್ದಿರುತ್ತಿತ್ತು. ಅಲ್ಲಿಗೆ ಬಾಗಿಲು ಮುಚ್ಚಿದಂತೆ. ಬರುವ ಸುಗ್ಗಿ ಮುಗಿದ ಮೇಲೆ ಒತ್ತು ಹೇಳಿಕೊಡುತ್ತೇನೆ ಎಂದಿದ್ದರು. ಆ ಕೆಳಗಿನ ಅಕ್ಷರಗಳ ಮೇಲೆ ನನಗೆ ಎಷ್ಟು ಕುತೂಹಲವೆಂದರೆ, ಗೋಡೆಯ ಮೇಲೆ ಹಲ್ಲಿ ಜೋತುಬಿದ್ದರೂ ಒತ್ತಿನಂತೆ ಕಾಣುತ್ತಿತ್ತು.

ಮೂರನೆಯ ವರ್ಷದ ಬೇಸಿಗೆಯಲ್ಲಿ ಒಂದು ಸಂಜೆ ಅಪ್ಪ ಊಟಕ್ಕೆ ಕೂತು ಅಜ್ಜಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು.

“ಬಳ್ಳಾರಿಂದ ಕಾಗದ ಬಂದೈತಂತ ಬೇ. ಈ ವರ್ಷನೂ ಬೆಳಿ ಬರಲಿಲ್ಲಂದ್ರ ಹೊಲ ಮಾರಿ ಪಾದ್ರಿ ದೊರಿನ್ನ ಹೊಳ್ಳಿ ಕರಕೊಂತಾರಂತ.”

“ಸಾಲಿ?” ಎಂದಳು ಅವ್ವ, ಒಲೆಯ ಮುಂದಿನಿಂದ.

“ದೊರಿ ಹೋದ ಮ್ಯಾಲ ಸಾಲಿ ಎಲ್ಲಿದು?”

ನಾನು ರೊಟ್ಟಿ ಬಿಟ್ಟು ಎದ್ದು, ಅಂಗಳದ ಮಣ್ಣಿನಲ್ಲಿ ಬಂದಷ್ಟು ಅಕ್ಷರ ಬರೆದೆ.

ಆ ವರ್ಷ ಪಾದ್ರಿ ತಮ್ಮ ಹೊಲವನ್ನು ಅಪ್ಪನ ಜೊತೆ ಪಾಲಿಗೆ ಮಾಡಿದರು. ಯಾವಾಗ ಏನು ಮಾಡಬೇಕು ಎನ್ನುವುದು ಅಪ್ಪನ ಮಾತು, ಬೆಳೆದದ್ದರಲ್ಲಿ ಅರ್ಧ ಅಪ್ಪನದು. ಕಬ್ಬಿಣದ ನೇಗಿಲು ಕೊಟ್ಟಿಗೆಯ ಮೂಲೆ ಸೇರಿ ಕೋಳಿಗಳು ಕೂರುವ ಜಾಗವಾಯಿತು. ಬೇಸಿಗೆಯುದ್ದಕ್ಕೂ ಇಬ್ಬರೂ ಕುಂಟೆ ಹೊಡೆದು ಹೊಲವನ್ನು ಅಂಗೈಯಂತೆ ಮಾಡಿಟ್ಟರು. ಅಪ್ಪ ಬೇಡ ಎಂದಷ್ಟು ದಿನ ಪಾದ್ರಿ ಕಾದರು. ಬೀಜದ ಬಿಳಿಜೋಳ ಬೇವಿನೆಲೆ ಬೆರೆಸಿದ ಗಡಿಗೆಯಲ್ಲಿ ಕಾದಿತ್ತು.

ಹಿಂಗಾರಿಯ ಉತ್ತರಿ ಮಳೆ ಬುಧವಾರ ಹಿಡಿದು ಗುರುವಾರ ಬಿಟ್ಟಿತು. ಶುಕ್ರವಾರ ಹೊಲದಲ್ಲಿ ಕಾಲಿಟ್ಟರೆ ಮೊಣಕಾಲಿನವರೆಗೆ ಕೆಸರು. ಶನಿವಾರ ಮಣ್ಣು ಬೆರಳಿಗೆ ಅಂಟುತ್ತಿತ್ತು. ಅಪ್ಪ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿ ಮುಷ್ಟಿಯಲ್ಲಿ ಮಣ್ಣು ಹಿಡಿದು ನೋಡುತ್ತಿದ್ದ. ಹಿಡಿದರೆ ಉಂಡೆಯಾಗಬೇಕು, ಬಿಟ್ಟರೆ ಒಡೆಯಬೇಕು. ಅದನ್ನೇ ಹದ ಅನ್ನುತ್ತಾರೆ. ಹದ ಬಂದದ್ದು ಭಾನುವಾರ ಬೆಳಗಿನಲ್ಲಿ. ಊರಿನ ಬಿತ್ತುವ ಕೂರಿಗೆಗಳೆಲ್ಲ ಹೊರಬಿದ್ದವು.

ಅಪ್ಪ ನನ್ನನ್ನು ಜೊತೆಗೆ ಕರೆದುಕೊಂಡು ಪಾದ್ರಿಯ ಮನೆಗೆ ಹೋದ. ಅವರು ಬಿಳಿ ಅಂಗಿ ಹಾಕಿ ತಮ್ಮ ಪೂಜೆಗೆ ಸಿದ್ಧವಾಗಿದ್ದರು.

“ದೊರಿಗಳ, ಇವತ್ತ ಹದ ಐತ್ರಿ. ನೀವು ಬರಬ್ಯಾಡ್ರಿ. ನಾನು ನನ್ನ ಎತ್ತಿಲೆ ಮೊದಲ ನಿಮ್ಮ ಹೊಲ ಬಿತ್ತತೀನಿ.”

“ಇಂದು ಆಗದು” ಎಂದರು ಪಾದ್ರಿ. “ನೀವು ನನಗಾಗಿ ದುಡಿದರೆ ನಾನೇ ದುಡಿದ ಹಾಗೆ.”

“ನಾಳಿ ಸ್ವಾಮಾರ ಐತ್ರಿ.”

“ಗೊತ್ತುಂಟು.”

“ಗಾಳಿ ಎದ್ದೈತಿ ನೋಡ್ರಿ. ಮಂಗಳಾರಕ್ಕ ಮ್ಯಾಲಿನ ಪದರು ಒಣಗಿ ಬೀಜ ಹಿಡ್ಯಂಗಿಲ್ಲ. ಇನ್ನೊಂದು ಮಳಿ ಬರತೈತೋ ಇಲ್ಲೋ ಯಾರಿಗ್ಗೊತ್ತು. ಹೊಲದಾಗ ನಂದೂ ಪಾಲೈತ್ರಿ.”

“ಅದಕ್ಕೇ ನನಗೆ ಕಷ್ಟ. ನಿಮಗೆ ನಷ್ಟವಾದರೆ ನನ್ನ ಪಾಲಿನಿಂದ ಕೊಡುತ್ತೇನೆ.”

“ಬರಲಾರದ ಬೆಳ್ಯಾಗ ಪಾಲು ಎಲ್ಲಿಂದ ತರ್ತೀರಿ?” ಎಂದ ಅಪ್ಪ.

ಅಪ್ಪ ತಿರುಗಿ ಬಂದು ನಮ್ಮ ಹೊಲ ಬಿತ್ತಲು ಹೋದ.

ಮಧ್ಯಾಹ್ನ ನಾನು ಬುತ್ತಿ ಹೊತ್ತು ಹೋಗುವಾಗ ಪಾದ್ರಿ ತಮ್ಮ ಹೊಲದ ಅಂಚಿನಲ್ಲಿ ಒಬ್ಬರೇ ನಿಂತಿದ್ದರು. ಸುತ್ತಲೂ ಊರವರ ಕೂರಿಗೆಗಳು ಓಡಾಡುತ್ತಿದ್ದವು. ಅವರು ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಒತ್ತಿದರು, ಬಿಟ್ಟರು. ಉಂಡೆ ಒಡೆಯಿತು. ಕೂಡಲೇ ಕೈ ಒರೆಸಿಕೊಂಡು ಹಿಂದೆ ಕಟ್ಟಿಕೊಂಡರು. ಅದೂ ಕೆಲಸವೆಂದು ಲೆಕ್ಕವಾಗುತ್ತದೆಯೇನೋ ಎನ್ನುವ ಹಾಗೆ. ನನ್ನನ್ನು ಕಂಡು ಅವರಿಗೂ ನಾಚಿಕೆಯಾಯಿತು, ನನಗೂ ನಾಚಿಕೆಯಾಯಿತು. ನಾನು ತಲೆ ತಗ್ಗಿಸಿ ಓಡಿದೆ.

ಸಂಜೆ ಹೊತ್ತು ಮುಳುಗುವಾಗ ನಮ್ಮ ಮನೆಯ ಕಟ್ಟೆಯ ಮೇಲೆ ಜನ ಸೇರಿದ್ದರು. ಗೌಡರು ಬಂದಿದ್ದರು. ನಮ್ಮ ಓಣಿಯ ಪಿಂಜಾರ ಕಾಕಾ ಇದ್ದ. ಅವನು ಹತ್ತಿ ಹಿಂಜುವವನು, ಸ್ವಲ್ಪ ಹೊಲವೂ ಇತ್ತು, ನಗಿಸುವ ಮನುಷ್ಯ. ಪಾದ್ರಿ ಹಾಗೆಯೇ ನಡೆದುಬಂದು ಕಟ್ಟೆಯ ತುದಿಯಲ್ಲಿ ಕೂತರು. ಎಲ್ಲರ ಮನಸ್ಸಿನಲ್ಲೂ ಒಂದೇ ಪ್ರಶ್ನೆ. ನಾಳೆ ಈತ ಏನು ಮಾಡುತ್ತಾನೆ? ತನ್ನ ದೇವರ ದಿನವನ್ನಂತೂ ಉಳಿಸಿಕೊಂಡ, ನಮ್ಮ ದಿನ ಮುರಿಯುತ್ತಾನೋ?

ಒಬ್ಬರು ಪಿಂಜಾರ ಕಾಕಾನಿಗೆ ಅಂದರು, “ನೀನಾರ ನಿನ್ನ ಎತ್ತು ಕೊಡಪಾ. ನಿಮ್ಮದು ಶುಕ್ರಾರ ಅಲ್ಲೇನು, ನಿಮಗೇನು ಸ್ವಾಮಾರದ ಕಟ್ಟು?”

“ನನ್ನ ಎತ್ತು ನಮಾಜು ಮಾಡಂಗಿಲ್ಲಪ್ಪೋ” ಎಂದ ಕಾಕಾ. “ಅವೂ ಈ ಊರಾಗ ಹುಟ್ಟ್ಯಾವ. ಸ್ವಾಮಾರ ಮುಂಜಾನೆ ನೊಗ ಹಿಡದ್ರ ನನ್ನ ಮಾರಿ ನೋಡ್ತಾವ, ಯಾಕೋ ಸಾಬ, ತಲಿ ನೆಟ್ಟಗ ಐತಿಲ್ಲೋ ಅಂತ.”

ಎಲ್ಲರೂ ನಕ್ಕರು. ಗೌಡರು ನಗದೆ ಪಾದ್ರಿಯನ್ನೇ ನೋಡುತ್ತಿದ್ದರು.

“ಏನು ಮಾಡ್ತೀ ದೊರಿ?”

“ಎತ್ತಿನ ಬಗ್ಗೆ ಮಾತು ಕೊಟ್ಟಿದ್ದೇನೆ. ಹೂಡುವುದಿಲ್ಲ.”

“ಮತ್ತ ಬೆಳಿ?”

ಒಳಗಿನಿಂದ ಅಜ್ಜಿ ಇದೆಲ್ಲ ಕೇಳುತ್ತಿದ್ದವಳು, ಹೊಸ್ತಿಲಿಗೆ ಬಂದು ನಿಂತಳು. ಎರಡು ವರ್ಷದ ಸಿಟ್ಟೂ, ಮಗನ ಪಾಲು ಹೋಗುವ ಸಂಕಟವೂ ಒಟ್ಟಿಗೆ ಹೊರಬಿದ್ದವು.

“ಎತ್ತಿಗೆ ಐತಾರ, ಎತ್ತಿಗೆ ಸ್ವಾಮಾರ. ಎರಡು ಕಾಲಿನವಂಗ ಮಾತ್ರ ಯಾವ ವಾರನೂ ಇಲ್ಲ. ಅಷ್ಟು ಚಿಂತಿ ಇದ್ರ ನಿನ್ನ ಹೆಗಲ ಕೊಡು ಹೋಗು. ಆಳು ಎತ್ತಿನಂಗ ಅದೀ.”

ಕಟ್ಟೆಯೆಲ್ಲ ಗೊಳ್ಳೆಂದು ನಕ್ಕಿತು. ಪಾದ್ರಿ ನಗಲಿಲ್ಲ. ಅಜ್ಜಿಯ ಕಡೆ ತಿರುಗಿ, ಸಾಲೆಯಲ್ಲಿ ಕೇಳುವ ಹಾಗೆ ಕೇಳಿದರು, “ಅಜ್ಜೀ, ಮನುಷ್ಯರು ಕೂರಿಗೆ ಎಳೆದರೆ ನಿಮ್ಮಲ್ಲಿ ದೋಷ ಉಂಟೋ?”

ಅಜ್ಜಿ ತಬ್ಬಿಬ್ಬಾದಳು. “ದೋಷ ಏನೈತಿ. ನಡ ಮುರೀತೈತಿ, ಅಷ್ಟ.”

ಪಾದ್ರಿ ಗೌಡರನ್ನು ನೋಡಿದರು. ಗೌಡರು ಮೀಸೆ ತೀಡಿದರು. “ಎತ್ತಿನ ಹೆಗಲ ಅಂತ ನಮ್ಮ ಹಿರಿಯಾರು ಹೇಳ್ಯಾರ. ಮನಿಶಾನ ಹೆಗಲ ಬಗ್ಗಿ ಹೇಳಿದ್ದು ನಾ ಕೇಳಿಲ್ಲ” ಎಂದರು.

ಪಾದ್ರಿ ಎದ್ದು, ಎಲ್ಲರಿಗೂ ಕೈಮುಗಿದು, ನೆಟ್ಟಗೆ ಬಡಿಗರ ಮನೆಯ ಕಡೆ ನಡೆದರು. ಅಜ್ಜಿ ಅಪ್ಪನಿಗೆ ಅಂದಳು, “ಲೇ, ನಾ ಚಾಷ್ಟಿಗೆ ಅಂದ್ನೋ. ಹೋಗಿ ಹೇಳೋ ಅವಂಗ.” ಅಪ್ಪ ಎದ್ದು ಹೋದ. ಆದರೆ ಅವನು ಹೇಳಿದ್ದು ಬೇರೆ. ಮೂರು ಸಾಲು ಬಿತ್ತುವ ಮೂರು ತಾಳಿನ ಕೂರಿಗೆಯನ್ನು ಮನುಷ್ಯರು ಎಳೆಯಲಾರರು, ಒಂದು ತಾಳು ಬಿಚ್ಚಿ ಎರಡು ಮಾಡಿಕೊಡು ಎಂದು ಬಡಿಗನಿಗೆ ತಾನೇ ನಿಂತು ಹೇಳಿ ಮಾಡಿಸಿದನಂತೆ.

ಸೋಮವಾರ ಸೂರ್ಯ ಹುಟ್ಟುವ ಹೊತ್ತಿಗೆ ನಾವೆಲ್ಲ ಪಾದ್ರಿಯ ಹೊಲದಲ್ಲಿದ್ದೆವು. ಕೂರಿಗೆ ಹಿಡಿಯುವುದು ಕೈಚಳಕದ ಕೆಲಸ, ಅದು ಅಪ್ಪನದು. ಹಗ್ಗಕ್ಕೆ ಕಂಬಳಿ ಸುತ್ತಿ ಎದೆಗೆ ಹಾಕಿಕೊಂಡವರು ಪಾದ್ರಿ, ನಮ್ಮ ಚಿಕ್ಕಪ್ಪ ಮತ್ತು ಪಿಂಜಾರ ಕಾಕಾ. ಎತ್ತು ಕೊಡಲಾರೆ ಎಂದವನು ತಾನೇ ಬಂದಿದ್ದ. “ನನ್ನ ಎತ್ತು ಕಳಿಸ್ಯಾವ್ರಿ ನನ್ನ” ಎಂದು ಎಲ್ಲರಿಗೂ ಹೇಳಿಕೊಳ್ಳುತ್ತಿದ್ದ.

ನಮ್ಮಲ್ಲಿ ಮೊದಲ ಹಿಡಿ ಬೀಜ ಹೊಲದ ಒಡತಿ ಬಿಡಬೇಕು. ಆದ್ದರಿಂದ ಅವ್ವ ಪಾದ್ರಿಯ ಹೆಂಡತಿಗೆ ಕುಂಕುಮ ಕೊಡಲು ಹೋಗಿ, ತಡೆದು, ಬರೀ ಉಡಿಯಲ್ಲಿ ಜೋಳ ಹಾಕಿದಳು. ದೊರೆಸಾನಿಗೆ ಸೆರಗಿಲ್ಲ. ಅವರು ತಮ್ಮ ಮುಂದಿನ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಜೋಳ ತುಂಬಿಕೊಂಡರು. ಕೂರಿಗೆಯ ಮೇಲೆ ಮರದ ಬಟ್ಟಲಿರುತ್ತದೆ, ಅದರ ತೂತುಗಳಿಂದ ಬಿದಿರಿನ ಕೊಳವೆಗಳ ಮೂಲಕ ಬೀಜ ಸಾಲಿಗೆ ಇಳಿಯುತ್ತದೆ. ಬೆರಳುಗಳ ಸಂದಿಯಿಂದ ಎಣಿಸಿದಂತೆ ಬಿಡಬೇಕು. ದೊರೆಸಾನಿ ಭಕ್ತಿಯಿಂದ ಒಂದು ಹಿಡಿಯನ್ನು ಪೂರ್ತಿ ಒಂದೇ ಕೊಳವೆಯೊಳಗೆ ಸುರಿದುಬಿಟ್ಟರು. ಅಪ್ಪ ಕೊಳವೆಯನ್ನು ಬಡಿದು ಬಿಡಿಸಿದ. ಅಲ್ಲಿಂದ ಮುಂದೆ ಅವ್ವ ಬಿಟ್ಟಳು.

ಅವರು ಎಳೆದರು. ಕೂರಿಗೆ ನಡುಗಿತು, ಎರಡು ಹೆಜ್ಜೆ ನಡೆಯಿತು, ನಿಂತಿತು. ಮತ್ತೆ ಎಳೆದರು. ಪಾದ್ರಿಯದು ಉದ್ದ ಕಾಲು, ಅವರು ಮುಂದೆ ಹೋದರೆ ಕಾಕಾ ಹಿಂದೆ ಉಳಿಯುತ್ತಿದ್ದ, ಸಾಲು ಹಾವಿನಂತೆ ಬಾಗುತ್ತಿತ್ತು. ಅಪ್ಪ ಅಭ್ಯಾಸಬಲದಿಂದ “ಹೋ… ಹೋ…” ಎಂದು ಎತ್ತಿಗೆ ಹೇಳುವಂತೆ ಹೇಳಿ ನಾಲಿಗೆ ಕಚ್ಚಿಕೊಳ್ಳುತ್ತಿದ್ದ. ಪಾದ್ರಿ ಆ ಕೂಗಿಗೆ ಸರಿಯಾಗಿ ನಿಲ್ಲುತ್ತಿದ್ದರು.

ಬದುವಿನ ಮೇಲೆ ಊರೇ ನೆರೆದಿತ್ತು. ಎತ್ತುಗಳೂ ಅಲ್ಲೇ ಬನ್ನಿಮರಕ್ಕೆ ಕಟ್ಟಿಸಿಕೊಂಡು, ಕೊಂಬಿಗೆ ಎಣ್ಣೆ ಹಚ್ಚಿಸಿಕೊಂಡು, ಮೆಲುಕು ಹಾಕುತ್ತಾ ನೋಡುತ್ತಿದ್ದವು.

“ಬಲಗಡಿ ಎತ್ತು ಮೈಗಳ್ಳ ಐತಿ ನೋಡಲೇ” ಎಂದು ಯಾರೋ ಚಿಕ್ಕಪ್ಪನಿಗೆ ಅಂದರು.

“ಕೆಂದಗಡ್ಡದ ಎತ್ತು ಬೇಷ್ ಐತಿ. ಯಾ ಜಾತ್ರ್ಯಾಗ ತಂದ್ರಿ?”

“ಹಲ್ಲು ನೋಡಿ ತಂದೀರಿಲ್ಲೋ?”

ನಾನು ಅವ್ವನ ಹಿಂದೆ ಜಾಲಿಕಂಟಿಯ ಹೊರೆಯನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದೆ. ಕುಂಟೆಗೆ ಬದಲು ಆ ಮುಳ್ಳುಕಂಟಿ ಸಾಲಿನ ಮೇಲೆ ಹಾಯ್ದು ಬೀಜ ಮುಚ್ಚುತ್ತಿತ್ತು. ಊರೆದುರು ಎಂದೂ ತಲೆಯೆತ್ತದ ನನಗೆ ಆ ದಿನ ಕಿವಿಯೇ ಕೇಳಿಸುತ್ತಿರಲಿಲ್ಲ ಅನ್ನಬೇಕು. ನನ್ನ ಕಣ್ಣಿದ್ದದ್ದು ಉಳಿದ ಹೊಲದ ಮೇಲೆ. ಇನ್ನೂ ಎಷ್ಟಿದೆ, ಗಾಳಿ ಎಷ್ಟಿದೆ, ಬಿಸಿಲು ಎಲ್ಲಿಗೆ ಬಂತು. ನಾನು ನೋಡುತ್ತಿದ್ದುದು ಜೋಳವನ್ನಲ್ಲ, ಒತ್ತಕ್ಷರಗಳನ್ನು.

ಹೊತ್ತು ಮಾರುದ್ದ ಏರಿತು. ಮುಗಿದದ್ದು ಬದುವಿನ ಪಕ್ಕದ ಒಂದು ಪಟ್ಟಿ ಮಾತ್ರ. ಪಾದ್ರಿಯ ಅಂಗಿ ಹೆಗಲ ಹತ್ತಿರ ಹರಿದು ಅಲ್ಲಿ ಕೆಂಪು ಬರೆ ಎದ್ದಿತ್ತು. ಬದುವಿನ ಮೇಲಿನ ನಗೆ ಕಡಿಮೆಯಾಗಿತ್ತು. ಯಾರಿಗೋ ಕರುಣೆ ಬಂತು ಎಂದು ನಾನು ಬರೆದರೆ ಸುಳ್ಳಾಗುತ್ತದೆ. ಒಕ್ಕಲಿಗನಿಗೆ ಸೊಟ್ಟ ಸಾಲು ನೋಡಲಾಗುವುದಿಲ್ಲ, ಆದದ್ದು ಅಷ್ಟೇ. ಆಗಿನಿಂದ ಹೆಚ್ಚು ಗೇಲಿ ಮಾಡುತ್ತಿದ್ದ ಒಬ್ಬ ಮನುಷ್ಯ ರುಮಾಲು ಬಿಚ್ಚಿ ಸೊಂಟಕ್ಕೆ ಸುತ್ತಿಕೊಂಡು ಕೆಳಗಿಳಿದ.

“ಸಾಲು ಹಿಂಗ ಸೊಟ್ಟ ಮಾಡಿದ್ರ ನಾಳಿ ಸಾಲಿನ ನಡುವ ಎಡಿಕುಂಟಿ ಹೊಡಿಯಾಕ ಹೆಂಗ ಬರತೈತಿ? ಸರಿ ಅತ್ತಾಗ ಕಾಕಾ. ನೋಡಾಕ ಆಗವಲ್ದು.”

ಕಾಕಾ ಹಗ್ಗ ಕೊಟ್ಟು ಕುಕ್ಕರಿಸಿ ಕೂತ. ಆಮೇಲೆ ಇನ್ನೊಬ್ಬ ಬಂದ. ಮೂವರು ಎಳೆದರೆ ಮೂವರು ಸುಧಾರಿಸಿಕೊಳ್ಳುವುದು ಎಂದಾಯಿತು. ಗೌಡರು ಬದುವಿನಿಂದ ಇಳಿಯಲಿಲ್ಲ, ಆದರೆ ತಮ್ಮ ಮನೆಯ ಇಬ್ಬರು ಆಳುಗಳಿಗೆ ಕಣ್ಣಿನಲ್ಲೇ ಹೇಳಿದರು. ಎಲ್ಲರೂ ಸರದಿಯಲ್ಲಿ ಹಗ್ಗ ಬದಲಾಯಿಸಿದರು. ಬದಲಾಯಿಸದವರು ಪಾದ್ರಿ ಒಬ್ಬರೇ. ಅಪ್ಪ ಎಷ್ಟು ಹೇಳಿದರೂ ಕೇಳಲಿಲ್ಲ. ಮಧ್ಯಾಹ್ನ ಅಜ್ಜಿ ರೊಟ್ಟಿಯ ಬುಟ್ಟಿ ಹೊತ್ತು ಬಂದು ಅವರ ಎದುರು ನಿಂತಳು.

“ಬಾಯಿ ಜಾರಿ ಅಂದೆ. ಇನ್ನ ಸಾಕು ಮಾಡು ನನ್ನಪ್ಪ.”

“ಇಲ್ಲ ಅಜ್ಜೀ, ನೀವು ಒಳ್ಳೆಯ ಉಪಾಯ ಹೇಳಿದಿರಿ” ಎಂದರು ಪಾದ್ರಿ, ಏದುಸಿರು ಬಿಡುತ್ತಾ. ಅವರು ಹಾಗೆಂದು ನಿಜವಾಗಿ ನಂಬಿದ್ದರು. ಅಜ್ಜಿ ಬುಟ್ಟಿ ಇಳಿಸಿ, ತಾನೇ ರೊಟ್ಟಿ ಮುರಿದು ಅವರ ಕೈಯಲ್ಲಿಟ್ಟಳು. ನೀರೂ ಕೊಟ್ಟಳು. ಹಾಗೆ ಕೊಟ್ಟದ್ದು ಅವಳಿಗೆ ಆಮೇಲೆ ನೆನಪಾಯಿತೋ ಇಲ್ಲವೋ, ಮನೆಯಲ್ಲಿ ಅದರ ಮಾತು ಯಾರೂ ಎತ್ತಲಿಲ್ಲ.

ಹೊತ್ತು ಮುಳುಗುವಾಗ ಮೂರು ಪಾಲಿನಲ್ಲಿ ಎರಡು ಪಾಲು ಹೊಲ ಮುಗಿದಿತ್ತು. ಮಂಗಳವಾರ ಎತ್ತು ಹೂಡಿ ಉಳಿದದ್ದನ್ನು ಬಿತ್ತಿದರು. ಅಪ್ಪ ಹೇಳಿದಂತೆಯೇ ಮೇಲಿನ ಪದರು ಒಣಗಿತ್ತು. ಅಲ್ಲಿ ಮಾರು ದೂರಕ್ಕೊಂದು ಮೊಳಕೆ ಬಂತು. ಸೋಮವಾರದ ಪಟ್ಟಿಗಳು ಮಾತ್ರ ಐದನೆಯ ದಿನ ಹಸಿರು ಗೀರು ಎಳೆದವು, ಸೊಟ್ಟ ಸೊಟ್ಟವಾಗಿ. ಬದುವಿನ ಪಕ್ಕದ ಮೊದಲ ಸಾಲಿನಲ್ಲಿ ದೊರೆಸಾನಿ ಸುರಿದ ಜಾಗದಲ್ಲಿ ಪೈರು ಕಸಬರಿಗೆಯಂತೆ ಒತ್ತಾಗಿ ಎದ್ದಿತ್ತು.

ಬುಧವಾರ ಸಾಲೆಗೆ ಹೋದರೆ ಪಾದ್ರಿಯ ಬಲಗೈ ಮೇಲೇಳುತ್ತಿರಲಿಲ್ಲ. ಮರಳಿನ ಮೇಲೆ ಬರೆಯಲು ಬಗ್ಗಿದರೆ ಮುಖ ಕಿವುಚಿಕೊಳ್ಳುತ್ತಿದ್ದರು. ಅವರು ಸುತ್ತ ನೋಡಿ ನನ್ನನ್ನು ಕಂಬದ ಹಿಂದಿನಿಂದ ಕರೆದರು. ತಾವು ಬಾಯಲ್ಲಿ ಹೇಳುವುದನ್ನು ನಾನು ಎಲ್ಲರಿಗೂ ಕಾಣುವಂತೆ ದೊಡ್ಡದಾಗಿ ಬರೆಯಬೇಕು ಎಂದರು. ನಾನು ಅಳುಮೋರೆ ಹಾಕಿದೆ. “ಎಲ್ಲರೂ ಅಕ್ಷರವನ್ನು ನೋಡುತ್ತಾರೆ, ನಿನ್ನನ್ನಲ್ಲ” ಎಂದರು. ಬರೆದೆ. ಹದಿನೈದು ದಿನ ನಾನೇ ಬರೆದೆ. ಅದೇ ಮಾತು ಈಗಲೂ ಬರೆಯಲು ಕೂತಾಗ ನನಗೆ ಧೈರ್ಯ ಕೊಡುತ್ತದೆ.

ಸಂಕ್ರಾಂತಿ ಕಳೆದು ತೆನೆ ಬಲಿತಾಗ ಬಳ್ಳಾರಿಯಿಂದ ಅವರ ಹಿರಿಯರೊಬ್ಬರು ಕುದುರೆಗಾಡಿಯಲ್ಲಿ ಬಂದರು. ಬೆಳೆ ನೋಡಲು ಬರುತ್ತಾರೆಂದು ನಾವು ತಿಳಿದಿದ್ದೆವು. ಆದರೆ 'ನಿಮ್ಮ ಪಾದ್ರಿ ಎತ್ತಾಗಿ ಕೂರಿಗೆ ಎಳೆದನಂತೆ, ಊರೆಲ್ಲ ನಕ್ಕಿತಂತೆ' ಎನ್ನುವ ಸುದ್ದಿ ಕುಡತಿನಿ, ಬಳ್ಳಾರಿಯವರೆಗೂ ಹೋಗಿತ್ತು. ಹಿರಿಯರು ಬಂದದ್ದು ಮುಖ್ಯವಾಗಿ ಅದಕ್ಕೆ. ಜನರೆದುರು ಬೋಧನೆ ಮಾಡಬೇಕಾದವನು ಜನರೆದುರು ನಗೆಗೀಡಾಗುವುದೇ ಎಂದು ಅವರಿಗೆ ಬಹಳ ಬೇಸರ. ಅವರಿಬ್ಬರೂ ಹೊಲದಲ್ಲಿ ನಿಂತು ತಮ್ಮ ಮಾತಿನಲ್ಲಿ ಮಾತಾಡಿದರು. ನಮಗೆ ಒಂದಕ್ಷರ ತಿಳಿಯಲಿಲ್ಲ. ಪಾದ್ರಿಯ ಕುತ್ತಿಗೆ ಮಾತ್ರ ಕೆಂಪಗಾಗುತ್ತಾ ಹೋಯಿತು. ಜೋಳ ಬಂದರೂ ಇವರನ್ನು ಕರೆದುಕೊಂಡು ಹೋಗುತ್ತಾರೆ ಎಂದುಕೊಂಡೆ.

ಆ ಹಿರಿಯರಿಗೆ ತೆಲುಗು ಬರುತ್ತಿತ್ತು. ನಮ್ಮಲ್ಲಿ ಅದು ಬಾರದವರೇ ಕಡಿಮೆ. ಅವರು ಬದುವಿನ ಮೇಲೆ ಕೂತಿದ್ದ ಅಜ್ಜಿಯನ್ನು, ವಯಸ್ಸಾದವಳು ನಿಜ ಹೇಳುತ್ತಾಳೆಂದು, ಕೇಳಿದರು. ಈ ಮನುಷ್ಯ ಹಗ್ಗ ಹಾಕಿಕೊಂಡಾಗ ನೀವೆಲ್ಲ ನಕ್ಕಿರೋ ಇಲ್ಲವೋ?

ಅಜ್ಜಿ ತೆಲುಗಿನಲ್ಲೇ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ. “ನಕ್ಕಿದ್ದು ಖರೇ. ಸುಳ್ಳ್ಯಾಕ ಹೇಳ್ಲಿ. ಹೊತ್ತು ಏರೂತನಕ ನಕ್ವಿ. ಆಮ್ಯಾಲ ಎಳದ್ವಿ.”

“ಎಲ್ಲರೂ?”

“ಯಾರು ಹೆಚ್ಚು ನಕ್ಕಿದ್ರೋ ಅವರ ಮೊದಲ.”

ಹಿರಿಯರು ತೆನೆಯೊಂದನ್ನು ಮುರಿದು, ಕಾಳು ಬಿಡಿಸಿ, ಹಲ್ಲಿನಲ್ಲಿ ಕಡಿದು ನೋಡಿದರು. ಸೊಟ್ಟ ಸಾಲುಗಳ ಉದ್ದಕ್ಕೂ ನಡೆದು ಹೋಗಿ ನಡೆದು ಬಂದರು. ಗಾಡಿ ಹತ್ತಿ ಹೋದರು.

ಆಮೇಲಿನ ದಿನಗಳನ್ನು ನಾನು ಹೇಗೆ ಕಳೆದೆನೋ ಹೇಳಲಾರೆ. ಜೋಳ ಕೊಯ್ದದ್ದಾಯಿತು, ಕಣದಲ್ಲಿ ಒಕ್ಕಿದ್ದಾಯಿತು, ಪಾಲು ಹಂಚಿಕೊಂಡದ್ದಾಯಿತು. ಈ ಸಲ ಕೊಯ್ಲಿಗೆ ಆಳಿನ ಕೊರತೆಯಾಗಲಿಲ್ಲ. ಒಂದು ಸಂಜೆ ಪಾದ್ರಿ ಕಾಗದ ಹಿಡಿದು ನಮ್ಮ ಕಟ್ಟೆಗೆ ಬಂದರು. ಅದು ಅವರ ದೇಶದ ಅಕ್ಷರ, ನನಗೆ ಇಣುಕಿದರೂ ತಿಳಿಯಲಿಲ್ಲ.

“ಇನ್ನೊಂದು ವರ್ಷ ಇರಬಹುದು ಎಂದು ಬರೆದಿದ್ದಾರೆ” ಎಂದರು.

“ಒಂದ ವರ್ಷನಾ?” ಎಂದ ಅಪ್ಪ.

“ಒಂದೇ. ಆಮೇಲೆ ಮತ್ತೆ ನೋಡುತ್ತಾರಂತೆ.”

“ನಾವೂ ಮಳಿ ನೋಡೋದು ಹಂಗ ಅಲ್ಲೇನು, ಒಂದೊಂದ ವರ್ಷ” ಎಂದಳು ಅಜ್ಜಿ. “ಕುಂದ್ರು. ಮಜ್ಜಿಗಿ ತರ್ತೀನಿ.”

ಅಂಥ ಒಂದೊಂದು ವರ್ಷಗಳು ನಾಲ್ಕು ಬಂದವು. ಐದನೆಯದು ಬರುವಷ್ಟರಲ್ಲಿ ನನ್ನನ್ನು ಕುರುಗೋಡಿಗೆ ಮದುವೆ ಮಾಡಿ ಕೊಟ್ಟಿದ್ದರು. ಅವರು ಊರು ಬಿಟ್ಟದ್ದನ್ನು ನಾನು ಕಣ್ಣಾರೆ ನೋಡಲಿಲ್ಲ. ಎಲ್ಲಿಗೆ ಹೋದರು, ತಮ್ಮ ನೆಲಕ್ಕೋ ಬೇರೆ ಊರಿಗೋ, ಯಾಕೆ ಅಷ್ಟು ದೂರದಿಂದ ಬಂದಿದ್ದರು, ಕೇಳಬೇಕಾದ್ದು ಎಷ್ಟೋ ಇತ್ತು. ನಾನು ಕೇಳುವ ಹುಡುಗಿಯಾಗಿರಲಿಲ್ಲ.

ಆದರೆ ಮಜ್ಜಿಗೆ ಕುಡಿದ ಆ ಸಂಜೆ ಕಾಗದ ಮಡಿಸಿ ಜೇಬಿಗಿಟ್ಟುಕೊಂಡು ಎದ್ದಾಗ ಅವರು ಬಾಗಿಲ ಮರೆಯಲ್ಲಿದ್ದ ನನ್ನನ್ನು ನೋಡಿ, “ನಾಳೆ ಬೇಗ ಬಾ, ಒತ್ತಕ್ಷರ ಶುರು ಮಾಡುವ” ಎಂದರು. ಮರುದಿನ ನಾನು ಹೋದಾಗ ಅವರ ಮನೆಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಮಣೆಯ ಮೇಲೆ ಮರಳು ಹರವಿ, ಕೈಯಿಂದ ಸಮ ಮಾಡಿ, ಕಾದು ಕೂತೆ.